ಬೆಟ್ಟದ ಕೋಟೆಗೆ ಹೊರಟಿದ್ದೀರಾ? ಮೊದಲು ನೀರು ಹುಡುಕಿ

ಮಳೆಗಾಲ ಮುಗಿಯುತ್ತಿದ್ದಂತೆ ಓದುಗರಿಂದ ಒಂದೇ ಪ್ರಶ್ನೆ ಬರತೊಡಗುತ್ತದೆ: ಮೈಸೂರಿನಿಂದ ಅಥವಾ ಮಂಡ್ಯದಿಂದ ಭಾನುವಾರ ಹೋಗಿ ಸಂಜೆಗೆ ಮರಳಬಹುದಾದ ಕೋಟೆ ಯಾವುದು? ಹೋಗಿ ಬಂದವರದು ಇನ್ನೊಂದು ಪ್ರಶ್ನೆ: ಏದುಸಿರು ಬಿಟ್ಟು ಹತ್ತಿದೆವು, ನಾಲ್ಕು ಕಲ್ಲು ಬಿಟ್ಟರೆ ಮೇಲೆ ಏನೂ ಇರಲಿಲ್ಲವಲ್ಲ? ಮೊದಲನೆಯದಕ್ಕೆ ಒಂದು ಸಾಲಿನ ಉತ್ತರ ಸಾಕು. ಎರಡನೆಯದಕ್ಕೆ ಈ ಲೇಖನ.

ಪಾಳುಬಿದ್ದ ಕೋಟೆಯಲ್ಲಿ ಅರಮನೆಯನ್ನು ಹುಡುಕಿಕೊಂಡು ಹೋಗಬೇಡಿ. ಮರದ ತೊಲೆ, ಮಣ್ಣಿನ ಗೋಡೆ, ಹುಲ್ಲು ಹೊದಿಸಿದ ಚಾವಣಿ ಎಲ್ಲವೂ ಎಂದೋ ಮಣ್ಣಾಗಿರುತ್ತವೆ. ಉಳಿಯುವುದು ಸುತ್ತುಗೋಡೆ, ಬಾಗಿಲು ಮತ್ತು ನೀರಿನ ಆಸರೆ. ಇವುಗಳಲ್ಲಿ ನೀರನ್ನು ಮೊದಲು ಹುಡುಕಿ ಎನ್ನುವುದು ನನ್ನ ಸಲಹೆ. ಕಾವಲಿನವರು ಎಲ್ಲಿ ಮಲಗುತ್ತಿದ್ದರು, ಅಡುಗೆ ಎಲ್ಲಿ ಆಗುತ್ತಿತ್ತು, ಗೋಡೆ ಒಂದು ಕಡೆ ಏಕೆ ಅಷ್ಟು ಕೆಳಗೆ ಇಳಿದು ಮತ್ತೆ ಮೇಲೇರಿತು ಎಂಬುದೆಲ್ಲ ನೀರು ಸಿಕ್ಕಮೇಲೆ ತಿಳಿಯುತ್ತದೆ. ಮೇಲಕ್ಕೆ ಹತ್ತಿ, ಗಾಳಿಗೆ ಮುಖವೊಡ್ಡಿ, ಫೋಟೊ ತೆಗೆದುಕೊಂಡು ಇಳಿಯುವವರಿಗೆ ಇದೊಂದೂ ಕಾಣುವುದಿಲ್ಲ.

ಹಂತ 1: ಒಂದು ದಿನಕ್ಕೆ ಒಂದೇ ಬೆಟ್ಟ

ಹಳೆಯ ರಾಜನೀತಿಯಲ್ಲಿ ಕೋಟೆಗಳನ್ನು ಜಲದುರ್ಗ, ಗಿರಿದುರ್ಗ, ವನದುರ್ಗ, ಸ್ಥಲದುರ್ಗ ಎಂದು ವಿಂಗಡಿಸುತ್ತಾರೆ. ಸುತ್ತ ನೀರಿದ್ದರೆ ಜಲದುರ್ಗ, ಬೆಟ್ಟದ ಮೇಲಿದ್ದರೆ ಗಿರಿದುರ್ಗ, ಕಾಡಿನ ನಡುವೆ ಇದ್ದರೆ ವನದುರ್ಗ, ಬಯಲಿನಲ್ಲಿದ್ದರೆ ಸ್ಥಲದುರ್ಗ. ನಮ್ಮ ಭಾಗದಲ್ಲಿ ಮೊದಲ ಸಲ ಹೊರಡುವವರಿಗೆ ನಾನು ಹೇಳುವ ಕ್ರಮ ಹೀಗಿದೆ: ಮೊದಲು ಶ್ರೀರಂಗಪಟ್ಟಣ, ಆಮೇಲೆ ತೊಣ್ಣೂರು ಮತ್ತು ಮೇಲುಕೋಟೆ, ಕೊನೆಗೆ ಕೃಷ್ಣರಾಜಪೇಟೆ ತಾಲ್ಲೂಕಿನ ನಾರಾಯಣದುರ್ಗ. ಸಮತಟ್ಟಾದ ಜಾಗದಲ್ಲಿ ಕೋಟೆ ಓದುವುದನ್ನು ಕಲಿತು ನಂತರ ಬಂಡೆ ಹತ್ತಿ.

ಪಾಂಡವಪುರದ ಕುಂತಿಬೆಟ್ಟವನ್ನು ಹಲವರು ಕೋಟೆ ಎಂದು ತಿಳಿದು ಹೋಗುತ್ತಾರೆ. ಬಂಡೆಯ ಬೆಟ್ಟ, ಪಾಂಡವರ ಐತಿಹ್ಯ, ಒಳ್ಳೆಯ ನೋಟ ಎಲ್ಲ ಇದೆ, ಆದರೆ ಕೋಟೆಯ ಆಸೆಯಿಂದ ಹೋಗಬೇಡಿ. ಹೈದರ್ ಮತ್ತು ಟಿಪ್ಪುವಿನ ಬಳಿ ಇದ್ದ ಫ್ರೆಂಚ್ ಸೈನಿಕರು ಬೀಡುಬಿಡುತ್ತಿದ್ದ ಪ್ರದೇಶ ಅದು. ಊರಿಗೆ ಫ್ರೆಂಚ್ ರಾಕ್ಸ್ ಎಂಬ ಹೆಸರು ಬಹುಕಾಲ ಉಳಿದದ್ದು ಅದರಿಂದಲೇ.

ಸೋಮನಾಥಪುರ, ಬಸರಾಳು, ಹೊಸಹೊಳಲು, ಕಂಬದಹಳ್ಳಿಗಳನ್ನೂ ಅದೇ ದಿನಕ್ಕೆ ತುರುಕುವ ಪಟ್ಟಿಗಳು ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತವೆ. ಅವು ಕಾರಿನ ಕಿಟಕಿಯಿಂದ ನೋಡುವವರಿಗೆ. ಆ ಊರುಗಳ ಹಳೆಯ ದೇವಾಲಯ, ಬಸದಿಗಳಿಗೆ ಬೇರೆಯೇ ದಿನ ಇಟ್ಟುಕೊಳ್ಳಿ.

ಹಂತ 2: ಕಾಲ ಮತ್ತು ಅನುಮತಿ

ಅಕ್ಟೋಬರ್ ಕೊನೆಯಿಂದ ಫೆಬ್ರವರಿವರೆಗೆ ಒಳ್ಳೆಯ ಕಾಲ. ಮಳೆ ನಿಂತಿರುತ್ತದೆ, ಬಂಡೆಯ ಹೊಂಡಗಳಾದ ದೊಣೆಗಳಲ್ಲಿ ನೀರು ಇನ್ನೂ ಇರುತ್ತದೆ. ಮಾರ್ಚಿನಿಂದ ಬಂಡೆ ಕಾಯತೊಡಗುತ್ತದೆ, ಹುಲ್ಲು ಒಣಗಿ ಕಾಳ್ಗಿಚ್ಚಿನ ಭಯವಿರುತ್ತದೆ, ಅರಣ್ಯ ಇಲಾಖೆ ಚಾರಣವನ್ನು ನಿಲ್ಲಿಸುವುದೂ ಉಂಟು. ಏಪ್ರಿಲ್-ಮೇ ತಿಂಗಳಿನಲ್ಲಿ ಮಧ್ಯಾಹ್ನದ ಮೇಲೆ ಗುಡುಗು-ಸಿಡಿಲು ಸಾಮಾನ್ಯ. ಬೋಳು ಬಂಡೆಯ ನೆತ್ತಿಯ ಮೇಲೆ ಸಿಡಿಲಿಗೆ ನೀವೇ ಅತ್ಯಂತ ಎತ್ತರದ ವಸ್ತು ಎಂಬುದು ನೆನಪಿರಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಂಡೆಯ ಮೇಲೆ ಪಾಚಿ ಕಟ್ಟಿರುತ್ತದೆ. ಹತ್ತುವಾಗ ಅದು ಗೊತ್ತಾಗುವುದಿಲ್ಲ, ಇಳಿಯುವಾಗ ಚೆನ್ನಾಗಿ ಗೊತ್ತಾಗುತ್ತದೆ.

ಮೇಲುಕೋಟೆಗೆ ಹೋಗುವುದಾದರೆ ಪಂಚಾಂಗವನ್ನೂ ನೋಡಿಕೊಳ್ಳಿ. ಮಾರ್ಚ್-ಏಪ್ರಿಲ್ ಹೊತ್ತಿಗೆ ಬರುವ ವೈರಮುಡಿ ಉತ್ಸವದ ದಿನಗಳಲ್ಲಿ ಊರಿಗೆ ಊರೇ ತುಂಬಿರುತ್ತದೆ. ಉತ್ಸವ ನೋಡಲು ಅವಶ್ಯ ಹೋಗಿ, ಕೋಟೆ ನೋಡಲು ಬೇಡ.

ಅನುಮತಿಯ ವಿಷಯದಲ್ಲಿ ಹೆಚ್ಚಿನವರು ಎಡವುತ್ತಾರೆ. ಮೇಲುಕೋಟೆಯ ಸುತ್ತಲಿನ ಕಾಡು ತೋಳಗಳ ರಕ್ಷಣೆಗೆಂದು 1974ರಲ್ಲಿ ಘೋಷಿಸಿದ ವನ್ಯಧಾಮ. ಊರು, ದೇವಸ್ಥಾನ, ಮೆಟ್ಟಿಲುದಾರಿ ಇವುಗಳಿಗೆ ಯಾರ ಅಪ್ಪಣೆಯೂ ಬೇಡ. ಆದರೆ ದಾರಿ ಬಿಟ್ಟು ಕಾಡಿನೊಳಗೆ ನುಗ್ಗುವುದಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅರಣ್ಯ ಇಲಾಖೆಯ ಅನುಮತಿ ಬೇಕು. ನಾರಾಯಣದುರ್ಗಕ್ಕೆ ಹೊರಡುವ ಮುನ್ನ ವಲಯ ಅರಣ್ಯಾಧಿಕಾರಿಯ ಕಚೇರಿಯಲ್ಲಿ ವಿಚಾರಿಸಿ. ರಾಜ್ಯ ಅರಣ್ಯ ಇಲಾಖೆಯ 'ಅರಣ್ಯ ವಿಹಾರ' ಜಾಲತಾಣದಲ್ಲಿ ಚಾರಣದ ದಾರಿಗಳ ಪಟ್ಟಿ ಇರುತ್ತದೆ, ಅದನ್ನೂ ನೋಡಿ. "ನಿನ್ನೆ ತಾನೇ ಹೋಗಿಬಂದೆವು, ಯಾರೂ ಕೇಳಲಿಲ್ಲ" ಎನ್ನುವ ಗೆಳೆಯನ ಮಾತು ಅನುಮತಿಪತ್ರ ಆಗುವುದಿಲ್ಲ.

ರಾತ್ರಿ ಚಾರಣ, ಸೂರ್ಯೋದಯ ಚಾರಣ ಎಂದು ಕರೆದೊಯ್ಯುವವರ ಜಾಹೀರಾತುಗಳಿಗೆ ಮರುಳಾಗಬೇಡಿ. ಮಂಡ್ಯ ಜಿಲ್ಲೆಯ ಬಂಡೆಗುಡ್ಡಗಳಲ್ಲಿ ಚಿರತೆ ಅಪರೂಪದ ಪ್ರಾಣಿಯಲ್ಲ. ಅದು ಓಡಾಡುವ ಹೊತ್ತು ಮುಸ್ಸಂಜೆಯಿಂದ ಮುಂಜಾವದವರೆಗೆ. ನಿಮ್ಮ ಹೊತ್ತು ಬೆಳಕು ಹರಿದ ಮೇಲಿನದು.

ಹಂತ 3: ಚೀಲದಲ್ಲಿ ಏನಿರಬೇಕು

ನೀರು ತಲಾ ಎರಡು ಲೀಟರ್, ಬಿಸಿಲಿದ್ದರೆ ಮೂರು. ಬೆಟ್ಟದ ಮೇಲಿನ ನೀರನ್ನು ಕುಡಿಯುವ ಲೆಕ್ಕಾಚಾರ ಬೇಡ. ಟೊಪ್ಪಿ, ಟಾರ್ಚ್, ಸೀಟಿ, ಗಾಯಕ್ಕೆ ಕಟ್ಟುವ ಬಟ್ಟೆ, ಪೂರ್ತಿ ತೋಳಿನ ತಿಳಿ ಬಣ್ಣದ ಅಂಗಿ ಇರಲಿ. ಬೂಟಿನ ಅಡಿಯಲ್ಲಿ ಗೀರುಗಳಿರುವ ರಬ್ಬರ್ ಇರಬೇಕು, ಸವೆದ ಚಪ್ಪಲಿ ಬೇಡ. ನಕ್ಷೆಯನ್ನು ಮನೆಯಲ್ಲೇ ಮೊಬೈಲಿಗೆ ಇಳಿಸಿಕೊಳ್ಳಿ, ಬೆಟ್ಟದ ಹಿಂಬದಿಗೆ ಸರಿದರೆ ಸಿಗ್ನಲ್ ಕೈಕೊಡುತ್ತದೆ.

ಯಾರೂ ಹೇಳದ ಒಂದು ವಸ್ತು: ಒಂದು ಜೊತೆ ಹತ್ತಿಯ ಕಾಲುಚೀಲ. ದೇವಸ್ಥಾನವಿರುವ ಬೆಟ್ಟದಲ್ಲಿ ಪಾದರಕ್ಷೆಯನ್ನು ಕೆಳಗೇ ಬಿಡಬೇಕಾಗುತ್ತದೆ. ಹನ್ನೊಂದು ಗಂಟೆ ಕಳೆದ ಮೇಲೆ ಕಲ್ಲಿನ ಮೆಟ್ಟಿಲಿನ ಮೇಲೆ ಬರಿಗಾಲಿಡುವುದು ಹರಕೆ ಹೊತ್ತವರಿಗಷ್ಟೇ ಸಾಧ್ಯ.

ತಿಂಡಿಯನ್ನು ಚೀಲದ ತಳದಲ್ಲಿಡಿ. ಮೇಲುಕೋಟೆಯ ಕೋತಿಗಳಿಗೆ ಪ್ಲಾಸ್ಟಿಕ್ ಚೀಲದ ಸದ್ದು ದೂರದಿಂದಲೇ ಕೇಳುತ್ತದೆ. ಕೈಯಲ್ಲಿ ಬಾಳೆಹಣ್ಣು ಹಿಡಿದು ಮೆಟ್ಟಿಲು ಹತ್ತಿದರೆ ಕಳೆದುಕೊಳ್ಳುವುದು ಹಣ್ಣೊಂದನ್ನೇ ಆಗಿರುವುದಿಲ್ಲ, ಕನ್ನಡಕವೂ ಹೋಗಬಹುದು.

ಹಂತ 4: ಶ್ರೀರಂಗಪಟ್ಟಣದಲ್ಲಿ ಅಕ್ಷರಾಭ್ಯಾಸ

ದರಿಯಾ ದೌಲತ್ ಮತ್ತು ಗುಂಬಜ್ ನೋಡಿ ಶ್ರೀರಂಗಪಟ್ಟಣ ಮುಗಿಯಿತು ಎನ್ನುವವರು ಕೋಟೆಯನ್ನು ನೋಡಿಯೇ ಇರುವುದಿಲ್ಲ. ಅವೆರಡೂ ಕೋಟೆಯ ಹೊರಗಿವೆ. ಕೋಟೆ ಇರುವುದು ಕಾವೇರಿ ಸುತ್ತುವರಿದ ದ್ವೀಪದ ಪಶ್ಚಿಮದ ತುದಿಯಲ್ಲಿ.

ರೈಲ್ವೆ ನಿಲ್ದಾಣದಲ್ಲಿ ಇಳಿದರೆ ಕೋಟೆಯ ಒಳಗೇ ಇಳಿದಂತೆ, ಏಕೆಂದರೆ ಬೆಂಗಳೂರು-ಮೈಸೂರು ರೈಲು ಹಳಿ ಗೋಡೆಯನ್ನು ಸೀಳಿಕೊಂಡೇ ಹಾದುಹೋಗುತ್ತದೆ. ಜೋಡಿ ಹಳಿ ಹಾಕಲು ಅಡ್ಡವಾಗಿದ್ದ ಟಿಪ್ಪುವಿನ ಕಾಲದ ಒಂದು ಮದ್ದಿನ ಮನೆಯನ್ನು, ಅಂದರೆ ಸಿಡಿಮದ್ದು ಇಡುತ್ತಿದ್ದ ಕಟ್ಟಡವನ್ನು, 2017ರಲ್ಲಿ ಇಡಿಯಾಗಿ ಎತ್ತಿ ನೂರು ಮೀಟರಿಗೂ ಹೆಚ್ಚು ದೂರ ಸರಿಸಿದರು. ಅದನ್ನು ನೋಡಿಕೊಂಡು ವಾಯವ್ಯ ಮೂಲೆಗೆ ನಡೆಯಿರಿ. 1799ರ ಮೇ 4ರಂದು ಬ್ರಿಟಿಷ್ ಸೈನ್ಯ ಒಳನುಗ್ಗಿದ ಬಿರುಕು ಇದ್ದದ್ದು ಅಲ್ಲಿ. ಈಗ ಒಂದು ಸ್ಮಾರಕ ಸ್ತಂಭ ನಿಂತಿದೆ.

ಅಲ್ಲಿ ನಿಂತು ಸ್ತಂಭಕ್ಕೆ ಬೆನ್ನು ಹಾಕಿ, ನದಿಯ ಕಡೆ ನೋಡಿ. ಮೇ ತಿಂಗಳ ಮೊದಲ ವಾರ ಎಂದರೆ ಮುಂಗಾರಿಗೆ ಇನ್ನೂ ತಿಂಗಳಿದೆ, ಕಾವೇರಿ ಬಂಡೆಗಳ ನಡುವೆ ಸೊರಗಿ ಹರಿಯುವ ಕಾಲ. ಸೈನಿಕರು ನದಿಯನ್ನು ಕಾಲ್ನಡಿಗೆಯಲ್ಲೇ ದಾಟಿ ಬಂದರು. ಮುತ್ತಿಗೆ ಹಾಕಿದವರಿಗೆ ಇದು ಮೊದಲೇ ತಿಳಿದಿತ್ತು. ಎಂಟು ವರ್ಷ ಹಿಂದೆ, 1791ರ ಮೇ 15ರಂದು, ಹತ್ತಿರದ ಅರಕೆರೆಯಲ್ಲಿ ಬ್ರಿಟಿಷರ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಟಿಪ್ಪುವಿನ ಸೈನ್ಯವನ್ನು ಗೆದ್ದಿದ್ದ. ಆದರೆ ಮಳೆ ಹಿಡಿಯಿತು, ದವಸ ಮುಗಿಯಿತು, ಎತ್ತುಗಳು ಸತ್ತವು. ದೊಡ್ಡ ಫಿರಂಗಿಗಳನ್ನು ತಾನೇ ನಾಶಮಾಡಿ ಆತ ಹಿಂದಿರುಗಬೇಕಾಯಿತು. ಒಂದು ಜಲದುರ್ಗದ ಬಲ ಯಾವ ತಿಂಗಳಿನಲ್ಲಿ ಎಷ್ಟಿರುತ್ತದೆ ಎಂಬುದು ನದಿಯ ಮಟ್ಟದಲ್ಲಿ ಬರೆದಿರುತ್ತದೆ. ಹಾಗೆಂದು ನೀವು ನದಿಗೆ ಇಳಿಯಬೇಡಿ. ಕನ್ನಂಬಾಡಿ ಕಟ್ಟೆಯಿಂದ ನೀರು ಬಿಟ್ಟರೆ ಮಟ್ಟ ಹೇಳದೆ ಕೇಳದೆ ಏರುತ್ತದೆ.

ಇನ್ನು ಗೋಡೆ. ಹೊರಗಿನ ಆಳವಾದ ಹಳ್ಳವೇ ಕಂದಕ. ಗೋಡೆಯಿಂದ ಹೊರಕ್ಕೆ ಚಾಚಿದ ಭಾಗ ಕೊತ್ತಲ: ಗೋಡೆಯ ಬುಡಕ್ಕೆ ಬಂದು ಸೇರಿದ ಶತ್ರುವನ್ನು ಪಕ್ಕದಿಂದ ಹೊಡೆಯಲು ಮಾಡಿದ್ದು. ಗೋಡೆಯ ನೆತ್ತಿಯಲ್ಲಿ ಹಲ್ಲುಹಲ್ಲಾಗಿ ಎದ್ದಿರುವುದು ತೆನೆ. ಅದರ ನಡುವಿನ ಸೀಳು ಕಿಂಡಿಗಳನ್ನು ಗಮನಿಸಿ, ಕೆಲವು ನೇರ ನೋಡುತ್ತವೆ, ಕೆಲವು ಕೆಳಕ್ಕೆ ಓರೆಯಾಗಿವೆ. ಓರೆಯವು ಹತ್ತಿರ ಬಂದವರಿಗಾಗಿ. ಸಾಮಾನ್ಯವಾಗಿ ಇಟ್ಟಿಗೆ-ಗಾರೆಯ ಕೆಲಸ, ಬಂದೂಕಿನ ಕಿಂಡಿ, ಫಿರಂಗಿಗೆ ಬಿಟ್ಟ ಅಗಲದ ಸಂದು ಕಂಡರೆ ಅದು ಮದ್ದುಗುಂಡಿನ ಕಾಲದ ಕಟ್ಟಡ. ಗಾರೆಯಿಲ್ಲದೆ ಕಲ್ಲಿಗೆ ಕಲ್ಲು ಕೂರಿಸಿದ ಸಾಲುಗಳು ಅದಕ್ಕಿಂತ ಹಿಂದಿನವು ಇರಬಹುದು. ಒಂದೇ ಗೋಡೆಯಲ್ಲಿ ಕೆಳಗೆ ಒಂದು ಬಗೆ, ಮೇಲೆ ಇನ್ನೊಂದು ಬಗೆ ಇರುವುದು ತೀರ ಸಾಮಾನ್ಯ.

ಬಾಗಿಲಿನಲ್ಲಿ ಒಂದು ನಿಮಿಷ ಕುಳಿತುಕೊಳ್ಳಿ. ಹೊಸ್ತಿಲಿನ ಎರಡು ತುದಿಗಳಲ್ಲಿ ಬಟ್ಟಲಿನಂಥ ಗುಣಿಗಳಿರುತ್ತವೆ. ಮರದ ಕದದ ತಿರುಗಣಿ ಕೂರುತ್ತಿದ್ದ ಜಾಗ ಅದು. ಬೆರಳಾಡಿಸಿ ನೋಡಿ: ಸುತ್ತಲಿನ ಕಲ್ಲು ತರಿತರಿ, ಗುಣಿಯ ಒಳಮೈ ಮಾತ್ರ ನುಣುಪು. ಕದ ತಿರುಗಿ ತಿರುಗಿ ತೇದ ನುಣುಪು ಅದು. ಹಾಗೆಯೇ ಅಕ್ಕಪಕ್ಕದ ಗೋಡೆಗಳಲ್ಲಿ ಎದುರುಬದುರಾಗಿ ಚೌಕದ ರಂಧ್ರಗಳಿದ್ದರೆ ಅಗುಳಿ, ಎಂದರೆ ಕದಕ್ಕೆ ಅಡ್ಡ ಕೊಡುವ ಮರದ ತೊಲೆ, ಅಲ್ಲಿ ಕೂರುತ್ತಿತ್ತು. ಅಗುಳಿಯ ರಂಧ್ರವಿರುವ ಬದಿಯೇ ಕೋಟೆಯ ಒಳಬದಿ. ಪೊದೆ ಬೆಳೆದು ದಿಕ್ಕು ತಪ್ಪಿದ ಪಾಳು ಬೆಟ್ಟದಲ್ಲಿ ಒಳಗು ಯಾವುದು, ಹೊರಗು ಯಾವುದು ಎಂದು ತಿಳಿಯಲು ಇದಕ್ಕಿಂತ ನಂಬಿಕೆಯ ಗುರುತಿಲ್ಲ.

ಹಂತ 5: ತೊಣ್ಣೂರು ದಾರಿಯಲ್ಲಿ ಮೇಲುಕೋಟೆ

ಪಾಂಡವಪುರ ದಾಟಿ ಜಕ್ಕನಹಳ್ಳಿ ಕಡೆ ಹೋಗುವಾಗ ಪಕ್ಕಕ್ಕೆ ಸರಿದರೆ ತೊಣ್ಣೂರು. ಎರಡು ಬಂಡೆಬೆಟ್ಟಗಳ ನಡುವಿನ ಸಂದಿಗೆ ಏರಿ ಹಾಕಿ ಕಟ್ಟಿದ ಕೆರೆ ಇದು. ರಾಮಾನುಜರ ಹೆಸರಿನೊಂದಿಗೆ ಸೇರಿಕೊಂಡ ಊರು. ನಂಬಿನಾರಾಯಣ ದೇವಾಲಯವನ್ನು ಅವಸರವಿಲ್ಲದೆ ನೋಡಿ. ಕೆರೆಯ ತಿಳಿನೀರು ಕಂಡು ಇಳಿಯಬೇಡಿ, ದಡದಿಂದ ನಾಲ್ಕು ಹೆಜ್ಜೆಗೇ ಆಳ ಸಿಗುತ್ತದೆ.

ಮೇಲುಕೋಟೆ ಮೈಸೂರಿನಿಂದ ಸುಮಾರು 50 ಕಿಲೋಮೀಟರ್. ಬೆಳಿಗ್ಗೆ ಎಂಟರೊಳಗೆ ಬೆಟ್ಟದ ಬುಡದಲ್ಲಿದ್ದರೆ ಬಿಸಿಲೇರುವ ಮುನ್ನ ಯೋಗನರಸಿಂಹಸ್ವಾಮಿಯ ದರ್ಶನ ಮುಗಿಸಿ ಇಳಿಯಬಹುದು. ಹತ್ತುವಾಗ ದ್ವಾರಗಳು ದಾರಿಯನ್ನು ಹೇಗೆ ಕಿರಿದು ಮಾಡುತ್ತವೆ ಎಂಬುದನ್ನು ನೋಡುತ್ತಾ ಹೋಗಿ. ಮೇಲಿನಿಂದ ಕೆಳಗೆ ನೋಡಿದರೆ ಊರಿನ ತುಂಬ ನೀರಿನ ಚೌಕಗಳು ಕಾಣುತ್ತವೆ: ನಡುವೆ ಮಂಟಪಗಳ ಸಾಲಿರುವ ಕಲ್ಯಾಣಿ, ಆಚೀಚೆ ಸಣ್ಣ ಸಣ್ಣ ಕೊಳಗಳು. ನೂರೆಂಟು ಕೊಳಗಳ ಊರು ಎಂಬ ಮಾತೇ ಇದೆ. ಬಂಡೆಯ ಮೇಲೆ ಬಿದ್ದ ಮಳೆ ಹರಿದು ಎಲ್ಲಿ ಸೇರುತ್ತದೆ ಎಂದು ಕಣ್ಣಿನಲ್ಲೇ ಗೆರೆ ಎಳೆಯಿರಿ. ಹೆಚ್ಚಿನ ಗೆರೆಗಳು ಯಾವುದಾದರೂ ಕೊಳಕ್ಕೇ ಬಂದು ನಿಲ್ಲುತ್ತವೆ.

ಇಳಿದ ಮೇಲೆ ರಾಯಗೋಪುರ. ಒಂದೇ ರಾತ್ರಿಯಲ್ಲಿ ಕಟ್ಟಲು ಹೊರಟು ಬೆಳಗಾದದ್ದರಿಂದ ನಿಂತಿತು ಎಂಬ ಕಥೆಯನ್ನು ಊರಿನವರು ಹೇಳುತ್ತಾರೆ, ಸಿನಿಮಾದವರು ಹಾಡು ಚಿತ್ರಿಸುತ್ತಾರೆ. ನಿಮಗೆ ಬೇಕಾದದ್ದು ಬೇರೆ. ಪೂರ್ತಿಯಾದ ಗೋಪುರದಲ್ಲಿ ಇಟ್ಟಿಗೆ-ಗಾರೆಯ ಮೇಲ್ಕಟ್ಟಡ ಬುಡದ ಕಲ್ಲುಗೆಲಸದ ಕಡೆಗೆ ಕಣ್ಣು ಹೋಗಲು ಬಿಡುವುದಿಲ್ಲ. ಇಲ್ಲಿ ಅದು ಏರಲೇ ಇಲ್ಲ, ಹಾಗಾಗಿ ಕಂಬ ಎಷ್ಟು ಎತ್ತರ, ಹೇಗೆ ಕೂತಿದೆ ಎಂಬುದೆಲ್ಲ ಬಯಲಾಗಿದೆ. ಪಕ್ಕದ ಅಕ್ಕ-ತಂಗಿ ಕೊಳಗಳನ್ನು ನೋಡದೆ ಬರಬೇಡಿ. ಅಂಟಿಕೊಂಡಂತಿರುವ ಎರಡು ಕೊಳಗಳಲ್ಲಿ ಒಂದರ ನೀರು ಕುಡಿಯಲು, ಇನ್ನೊಂದರದು ಬೇರೆ ಬಳಕೆಗೆ ಎನ್ನುವುದು ಊರಿನ ಮಾತು.

ಚೆಲುವನಾರಾಯಣನ ದೇವಾಲಯ ಮಧ್ಯಾಹ್ನ ಮುಚ್ಚುತ್ತದೆ. ದರ್ಶನ ಬೇಕಿದ್ದವರು ಬೆಟ್ಟ ಇಳಿದವರೇ ಮೊದಲು ಅಲ್ಲಿಗೆ ಹೋಗಿ, ಪುಳಿಯೋಗರೆ ಆಮೇಲೆ.

ಬಿಸಿಲು ಇಳಿಯುವವರೆಗೆ ನೆರಳಿನಲ್ಲಿ ಕುಳಿತಿರುವಾಗ ಯೋಚಿಸಲು ಒಂದು ವಿಷಯ: 1771ರಲ್ಲಿ ಮರಾಠರಿಂದ ತಪ್ಪಿಸಿಕೊಳ್ಳಲು ಹೈದರ್ ಇದೇ ಬೆಟ್ಟಗಳ ನಡುವೆ ಬೀಡುಬಿಟ್ಟಿದ್ದ. ಬೆಟ್ಟ ರಕ್ಷಣೆ ಕೊಟ್ಟಿತು, ಜೊತೆಗೆ ದಿಗ್ಬಂಧನವನ್ನೂ ತಂದಿತು. ಕೊನೆಗೆ ರಾತ್ರಿಯ ಕತ್ತಲಲ್ಲಿ ಶ್ರೀರಂಗಪಟ್ಟಣದ ಕಡೆ ಹೊರಟ ಅವನ ಸೈನ್ಯ ಚಿನಕುರಳಿಯ ಬಳಿ ನುಚ್ಚುನೂರಾಯಿತು, ಮೇಲುಕೋಟೆ ಲೂಟಿಯಾಯಿತು. ನೀವು ಬಸ್ಸಿನಲ್ಲಿ ಒಂದೂವರೆ ಗಂಟೆಯಲ್ಲಿ ಬಂದ ಸೀಮೆ ಅದೇ.

ಹಂತ 6: ಬಂಡೆ ಹತ್ತುವ ದಿನ

ನಾರಾಯಣದುರ್ಗ ರಾಯಸಮುದ್ರದ ಬಳಿಯ ಒಂಟಿ ಬಂಡೆಬೆಟ್ಟ. ಮೆಟ್ಟಿಲುದಾರಿಯ ಸೌಕರ್ಯ ನಿರೀಕ್ಷಿಸಬೇಡಿ. ಕನಿಷ್ಠ ನಾಲ್ಕು ಜನ ಇರಿ, ಊರಿನವರೊಬ್ಬರನ್ನು ದಾರಿ ತೋರಲು ಕರೆದುಕೊಳ್ಳಿ, ಅವರ ದಿನದ ಕೂಲಿಯನ್ನು ಮೊದಲೇ ಮಾತಾಡಿ. ಇದರಲ್ಲಿ ಇನ್ನೊಂದು ಲಾಭವಿದೆ. ಪಾಳು ಕೋಟೆಗಳಲ್ಲಿ ನಿಧಿ ಅಗೆಯುವವರ ಕಾಟದಿಂದ ಬೇಸತ್ತ ಊರಿನವರು ಚೀಲ ಹೊತ್ತ ಅಪರಿಚಿತರನ್ನು ಅನುಮಾನದಿಂದಲೇ ನೋಡುತ್ತಾರೆ, ನೋಡುವುದು ಸರಿಯೂ ಹೌದು. ನೀವು ಯಾರು, ಎಲ್ಲಿಂದ ಬಂದಿರಿ, ಎಷ್ಟು ಹೊತ್ತಿಗೆ ಇಳಿಯುತ್ತೀರಿ ಎಂದು ಹೇಳಿ ಹತ್ತಿದರೆ, ಇಳಿಯದಿದ್ದಾಗ ಹುಡುಕಿ ಬರುವವರೂ ಅವರೇ.

ಮೇಲೆ ಮಾಡಬೇಕಾದ್ದು ಇಷ್ಟು. ಗೋಡೆ ಸಿಕ್ಕ ಕೂಡಲೇ ನೆತ್ತಿಗೆ ಓಡಬೇಡಿ. ದೊಣೆ ಹುಡುಕಿ. ಬಂಡೆಯ ತಗ್ಗಿನಲ್ಲಿ ಮಳೆನೀರು ನಿಲ್ಲುವ ಹೊಂಡಕ್ಕೆ ದೊಣೆ ಎನ್ನುತ್ತಾರೆ. ಅದರ ಅಂಚಿನಲ್ಲಿ ಅಂಗೈಯಗಲದ ಗುಳಿಗಳ ಸಾಲು ಕಂಡರೆ ಕಲ್ಲು ಸೀಳಲು ಬೆಣೆ ಬಡಿದ ಗುರುತು. ಹೊಂಡ ತೋಡಿದ ಕಲ್ಲನ್ನೇ ಗೋಡೆಗೆ ಬಳಸುವುದು ಹಳೆಯ ಜಾಣತನ, ಹಾಗಾಗಿ ಹತ್ತಿರದ ಗೋಡೆಯ ಕಲ್ಲುಗಳಲ್ಲಿ ಅದೇ ಅರ್ಧ ಗುಳಿಗಳಿವೆಯೇ ನೋಡಿ. ದೊಣೆಯ ಸುತ್ತ ಒಡೆದ ಮಡಕೆಯ ಚೂರು, ನೆಲಗಟ್ಟಿನ ಸಾಲು, ಒರಳಿನ ಗುಣಿ ಇದ್ದರೆ ಜನ ವಾಸವಿದ್ದದ್ದು ಅಲ್ಲಿಯೇ. ಗೋಡೆ ಅಕಾರಣವಾಗಿ ಇಳಿಜಾರಿಗೆ ಇಳಿದಿದ್ದರೆ, ಬಹುಮಟ್ಟಿಗೆ ಒಂದು ನೀರಿನ ಹೊಂಡವನ್ನು ಒಳಗೆ ಸೇರಿಸಿಕೊಳ್ಳಲು ಇಳಿದಿರುತ್ತದೆ. ದೊಣೆಗೆ ಕಾಲಿಡಬೇಡಿ. ಅಂಚು ಜಾರುತ್ತದೆ, ಆಳ ತಿಳಿಯುವುದಿಲ್ಲ, ದನಗಾಹಿಗಳಿಗೂ ಕಾಡುಪ್ರಾಣಿಗಳಿಗೂ ಬೇಸಿಗೆಗೆ ಅದೇ ನೀರು.

ಅಪಾಯಗಳಲ್ಲಿ ಚಿರತೆಗಿಂತ ಹೆಜ್ಜೇನಿಗೆ ಹೆಚ್ಚು ಹೆದರಿ. ಬಂಡೆಯ ಚಾಚಿನ ಕೆಳಗೆ, ಬಾಗಿಲಿನ ಕಮಾನಿನಲ್ಲಿ ಕಪ್ಪಗೆ ಜೋತ ಹುಟ್ಟಿ ಕಂಡರೆ ಮಾತು ನಿಲ್ಲಿಸಿ ದೂರ ಸರಿಯಿರಿ. ಸುಗಂಧ ಹಚ್ಚಿಕೊಳ್ಳಬೇಡಿ, ಬೀಡಿ-ಸಿಗರೇಟು ಹೊತ್ತಿಸಬೇಡಿ. ಎದ್ದು ಬಂದರೆ ಕೈ ಬೀಸದೆ ಮುಖ-ಕತ್ತು ಮುಚ್ಚಿಕೊಂಡು, ಕಾಲಿನ ಕೆಳಗೆ ನೋಡುತ್ತಾ ದೂರ ಹೋಗಿ. ಓಡಿ ಬಂಡೆಯಿಂದ ಉರುಳಿದರೆ ಅದು ಕಡಿತಕ್ಕಿಂತ ಕೆಟ್ಟದ್ದು. ಹಲವು ಕಡಿತಗಳಾದರೆ ಆಸ್ಪತ್ರೆ ಸೇರಿ. ಹಾವು ಕಚ್ಚಿದರೆ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು, ಹೀರುವುದು ಯಾವುದೂ ಬೇಡ. ಕಚ್ಚಿಸಿಕೊಂಡವರನ್ನು ನಡೆಸದೆ ಎತ್ತಿಕೊಂಡು ಇಳಿಸಿ, 108ಕ್ಕೆ ಕರೆ ಮಾಡಿ. ಕಲ್ಲಿನ ಸಂದಿಗೆ ನೋಡದೆ ಕೈ ಹಾಕದಿದ್ದರೆ ಹಾವು, ಚೇಳು ಎರಡರಿಂದಲೂ ಬಹುಪಾಲು ಪಾರಾಗುತ್ತೀರಿ. ಪಾಳು ಗೋಡೆಯ ಮೇಲೆ ನಿಂತು ಫೋಟೊ ತೆಗೆಸಿಕೊಳ್ಳಬೇಡಿ. ಒಳಗಿನ ಮಣ್ಣು ಮಳೆಗೆ ಕೊಚ್ಚಿಹೋಗಿ ಗೋಡೆ ಟೊಳ್ಳಾಗಿರುವುದು ಮೇಲಿನಿಂದ ಕಾಣುವುದಿಲ್ಲ.

ಹಂತ 7: ಕಲ್ಲು, ಶಾಸನ, ವೀರಗಲ್ಲು

ದಾರಿಬದಿಯಲ್ಲಿ, ಕೆರೆ ಏರಿಯಲ್ಲಿ ವೀರಗಲ್ಲುಗಳು ಸಿಗುತ್ತವೆ. ಕೆಳಗಿನಿಂದ ಮೇಲಕ್ಕೆ ಓದಿ: ಬುಡದ ಪಟ್ಟಿಯಲ್ಲಿ ಕಾಳಗ, ನಡುವೆ ಸತ್ತ ವೀರನನ್ನು ಅಪ್ಸರೆಯರು ಕರೆದೊಯ್ಯುವುದು, ಮೇಲೆ ಶಿವಲಿಂಗ ಅಥವಾ ದೇವರ ಸನ್ನಿಧಿ. ಬಳೆ ತೊಟ್ಟ ಒಂದು ತೋಳು ಮೇಲೆದ್ದಿದ್ದರೆ ಅದು ಮಾಸ್ತಿಕಲ್ಲು, ಗಂಡನ ಹಿಂದೆ ಸತಿ ಹೋದವಳ ನೆನಪಿನದು.

ಅಕ್ಷರ ಕಾಣಲೆಂದು ಸುಣ್ಣ, ಸೀಮೆಸುಣ್ಣ, ಹಿಟ್ಟು, ಎಣ್ಣೆ ಬಳಿಯಬೇಡಿ. ಬೆಳಿಗ್ಗೆ ಅಥವಾ ಸಂಜೆಯ ಓರೆ ಬೆಳಕಿನಲ್ಲಿ, ಇಲ್ಲವೇ ಟಾರ್ಚನ್ನು ಪಕ್ಕದಿಂದ ಹಿಡಿದು ಫೋಟೊ ತೆಗೆದರೆ ಸವೆದ ಅಕ್ಷರವೂ ಎದ್ದು ಕಾಣುತ್ತದೆ. ಮೈಸೂರು ವಿಶ್ವವಿದ್ಯಾನಿಲಯ ಹೊರತಂದ ಶಾಸನ ಸಂಪುಟಗಳು ತಾಲ್ಲೂಕುವಾರು ಇವೆ. ಆರನೆಯದರಲ್ಲಿ ಕೃಷ್ಣರಾಜಪೇಟೆ, ಪಾಂಡವಪುರ, ಶ್ರೀರಂಗಪಟ್ಟಣ, ಏಳನೆಯದರಲ್ಲಿ ಮಂಡ್ಯ, ಮದ್ದೂರು, ಮಳವಳ್ಳಿ, ನಾಗಮಂಗಲ. ಹೊರಡುವ ಹಿಂದಿನ ದಿನ ಆ ಊರಿನ ಪುಟ ತಿರುವಿ ನೋಡಿದರೆ ನೀವು ನಿಲ್ಲುವ ಕಲ್ಲಿನ ಮುಂದೆ ಏನಿದೆ ಎಂಬುದು ಮೊದಲೇ ತಿಳಿದಿರುತ್ತದೆ.

ಸಂರಕ್ಷಿತ ಸ್ಮಾರಕದ ಮೇಲೆ ಹೆಸರು ಗೀಚುವುದು, ಹಾನಿ ಮಾಡುವುದು 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಯ ಪ್ರಕಾರ ಅಪರಾಧ. ಎರಡು ವರ್ಷದವರೆಗೆ ಸೆರೆ, ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಮಡಕೆಯ ಚೂರನ್ನೂ ಜೇಬಿಗೆ ಹಾಕಬೇಡಿ, ಇದ್ದ ಜಾಗದಿಂದ ಎತ್ತಿದ ಚೂರು ಏನನ್ನೂ ಹೇಳುವುದಿಲ್ಲ. ಡ್ರೋನ್ ಹಾರಿಸಲು ಪ್ರತ್ಯೇಕ ಅನುಮತಿ ಬೇಕು. ಹೊಸದಾಗಿ ಅಗೆದ ಗುಂಡಿ, ಎಬ್ಬಿಸಿದ ನೆಲಗಟ್ಟು ಕಂಡರೆ ಫೋಟೊ ತೆಗೆದು ಹತ್ತಿರದ ಪೊಲೀಸ್ ಠಾಣೆಗೆ ತಿಳಿಸಿ. ರಾಜ್ಯ ಪುರಾತತ್ತ್ವ ಇಲಾಖೆಯ ಕೇಂದ್ರ ಕಚೇರಿ ಮೈಸೂರಿನಲ್ಲೇ ಇದೆ, ಅಲ್ಲಿಗೂ ಒಂದು ಪತ್ರ ಬರೆಯಿರಿ.

ಹಂತ 8: ಇಳಿಯುವುದು, ಮರಳುವುದು

ಸೂರ್ಯ ಮುಳುಗಲು ಎರಡು ಗಂಟೆ ಇರುವಾಗ ಇಳಿಯತೊಡಗಿ. ಬಂಡೆಯ ಇಳಿಜಾರಿನಲ್ಲಿ ನೇರ ಇಳಿಯದೆ ಅಡ್ಡಡ್ಡ ಹೆಜ್ಜೆ ಹಾಕಿ, ಮೊಣಕಾಲು ಸ್ವಲ್ಪ ಮಡಿಸಿರಲಿ. ಭಯವಾದರೆ ಕುಳಿತು ಜಾರಿ, ನಾಚಿಕೆ ಬೇಡ, ಪ್ಯಾಂಟು ಹರಿದರೆ ಹೊಲಿಸಬಹುದು. ಕಸವನ್ನೆಲ್ಲ ಕೆಳಗೆ ತನ್ನಿ.

ಮೇಲುಕೋಟೆಯಿಂದ ಮೈಸೂರು, ಮಂಡ್ಯಕ್ಕೆ ಸಂಜೆ ಹೊರಡುವ ಕೊನೆಯ ಬಸ್ಸುಗಳ ಸಮಯವನ್ನು ಬೆಳಿಗ್ಗೆ ಇಳಿಯುವಾಗಲೇ ಕಂಡಕ್ಟರ್ ಬಳಿ ಕೇಳಿ ಬರೆದುಕೊಳ್ಳಿ. ತಪ್ಪಿದರೆ ಆಟೊ ಹಿಡಿದು ಜಕ್ಕನಹಳ್ಳಿಗೆ ಇಳಿಯಿರಿ. ನಾಗಮಂಗಲದ ಕಡೆಯಿಂದ ಪಾಂಡವಪುರ, ಶ್ರೀರಂಗಪಟ್ಟಣದ ಮೇಲೆ ಮೈಸೂರಿಗೆ ಹೋಗುವ ಬಸ್ಸುಗಳು ಅಲ್ಲಿ ನಿಲ್ಲುತ್ತವೆ. ನಾರಾಯಣದುರ್ಗದ ದಿನ ಮಾತ್ರ ಸ್ವಂತ ವಾಹನವೋ ಬಾಡಿಗೆ ಜೀಪೋ ಇರಲಿ, ಆ ಕಡೆ ಬಸ್ಸನ್ನು ನೆಚ್ಚಿಕೊಂಡು ಹೋಗಬೇಡಿ.